ಏಳರಿಂದ ಹತ್ತು: ಮಕ್ಕಳಿಗೆ ನಮಾಝ್ ರೂಢಿಯಾಗಬೇಕಾದರೆ ಯಾವುದು ಮೊದಲು, ಯಾವುದು ಆಮೇಲೆ

ಮದ್ರಸದ ಪರೀಕ್ಷೆಯಲ್ಲಿ ನಮಾಝಿನ ಫರ್ಝ್‌ಗಳನ್ನು (ಕಡ್ಡಾಯ ಅಂಶಗಳನ್ನು) ಒಂದೂ ಬಿಡದೆ ಬರೆದು ಬಂದ ಹುಡುಗ, ಮನೆಯಲ್ಲಿ ಮಗ್ರಿಬ್ (ಸೂರ್ಯಾಸ್ತದ ನಮಾಝ್) ಬಾಂಗ್ ಕೇಳಿದ ಕೂಡಲೇ ಬಾತ್‌ರೂಮಿಗೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾನೆ. ಉಮ್ಮ ಹೊರಗಿನಿಂದ ಕೂಗುತ್ತಾಳೆ. ಹತ್ತು ನಿಮಿಷ ಕಳೆದು ಮುಖ ಒದ್ದೆ ಮಾಡಿಕೊಂಡು ಬಂದವನು ಕೋಣೆಗೆ ಹೋಗುತ್ತಾನೆ, ಒಂದು ನಿಮಿಷದಲ್ಲಿ ಹೊರಗೆ ಬಂದು "ಮಾಡಿದೆ" ಅನ್ನುತ್ತಾನೆ. ಮಾಡಿಲ್ಲ ಅಂತ ಇಬ್ಬರಿಗೂ ಗೊತ್ತು.

ಈ ಕತೆಯನ್ನು ನಾನು ಮದ್ರಸದ ತಾಯಂದಿರ ಸಭೆಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ನನ್ನ ಮನೆಯಲ್ಲೇ ಹಿರಿಯ ಮಗನ ಜೊತೆ ಎರಡು ವರ್ಷ ಇದೇ ನಡೆದಿತ್ತು. ಎಡವಿದ್ದು ಅವನಲ್ಲ, ನಾವು ಹಿಡಿದ ಕ್ರಮ. ಲೆಕ್ಕ ಕೇಳುವುದನ್ನು ಮೊದಲಿಟ್ಟೆವು, ಜೊತೆಗೆ ನಿಲ್ಲುವುದನ್ನು ಕೊನೆಗೆ ಇಟ್ಟೆವು.

ಮಕ್ಕಳಿಗೆ ಏಳು ವರ್ಷಕ್ಕೆ ನಮಾಝ್ ಮಾಡಲು ಹೇಳಿ, ಹತ್ತಕ್ಕೆ ಬಿಗಿ ಮಾಡಿ ಎಂದು ಪ್ರವಾದಿಯವರು (ಸ) ಹೇಳಿದ್ದಾರೆ. ನಡುವೆ ಮೂರು ವರ್ಷ ಇದೆ. ಹಿಜರಿ (ಇಸ್ಲಾಮೀ ಚಾಂದ್ರಮಾನ) ವರ್ಷಕ್ಕೆ 354 ದಿನ, ದಿನಕ್ಕೆ ಐದು ಹೊತ್ತು ಅಂತ ಗುಣಿಸಿದರೆ 5,310 ಕರೆಗಳು. ಬಿಗಿ ಮಾಡುವ ಮಾತು ಬರುವುದು ಅಷ್ಟು ಸಲ ಕರೆದಾದ ಮೇಲೆ. ನಮ್ಮಲ್ಲಿ ಹೆಚ್ಚಿನವರು ಐವತ್ತನೇ ಕರೆಗೇ ಬೆತ್ತ ಹುಡುಕುತ್ತೇವೆ.

ವಯಸ್ಸಿನ ಎಣಿಕೆಯಲ್ಲೂ ಒಂದು ಸಣ್ಣ ತಪ್ಪಾಗುತ್ತದೆ. ಇಲ್ಲಿ ಎಣಿಸುವುದು ಹಿಜರಿ ವರ್ಷವನ್ನು. ಶಾಲೆಯ ದಾಖಲೆಯ ಪ್ರಕಾರ ಏಳು ತುಂಬುವುದಕ್ಕೆ ಸುಮಾರು ಎರಡೂವರೆ ತಿಂಗಳು ಮೊದಲೇ ಮಗುವಿಗೆ ಹಿಜರಿ ಏಳು ತುಂಬಿರುತ್ತದೆ, ಹತ್ತಕ್ಕೆ ಬರುವಾಗ ಆ ಅಂತರ ಮೂರೂವರೆ ತಿಂಗಳು. ಏಳು ಎಂಬುದರ ಜೊತೆಗೆ ಫಿಕ್ಹ್ (ಇಸ್ಲಾಮೀ ಕರ್ಮಶಾಸ್ತ್ರ) ಪಂಡಿತರು ಇನ್ನೊಂದು ಗುರುತನ್ನೂ ಹೇಳುತ್ತಾರೆ: ಮಗು ತಾನಾಗಿ ಉಣ್ಣಬೇಕು, ತಾನಾಗಿ ಕುಡಿಯಬೇಕು, ಕಕ್ಕಸಿಗೆ ಹೋದರೆ ತಾನಾಗಿ ತೊಳೆದುಕೊಳ್ಳಬೇಕು. ಈ ಮೂರನೆಯದು ಬಾರದ ಮಗುವನ್ನು ಮುಸಲ್ಲಾದ (ನಮಾಝಿನ ಚಾಪೆಯ) ಮೇಲೆ ನಿಲ್ಲಿಸಿ ಪ್ರಯೋಜನವಿಲ್ಲ.

## ಶುರು ಮಾಡುವ ಮೊದಲು ಮನೆಯಲ್ಲಿ ಇರಬೇಕಾದದ್ದು

ದೊಡ್ಡ ಖರ್ಚೇನೂ ಇಲ್ಲ. ಮಗುವಿನ ಅಳತೆಯ ಮುಸಲ್ಲಾ ಒಂದು. ಹುಡುಗಿಯಾದರೆ ಜಾರದ, ಪಿನ್ ಬೇಡದ, ತಲೆಗೆ ಹಾಕಿದರೆ ನಿಲ್ಲುವ ನಮಾಝಿನ ದುಪ್ಪಟ್ಟಾ. ಉಮ್ಮನ ಹಳೇ ದುಪ್ಪಟ್ಟಾ ಕೊಟ್ಟರೆ ಸುಜೂದಿಗೆ (ಹಣೆ ನೆಲಕ್ಕಿಡಲು) ಹೋದಾಗಲೆಲ್ಲ ಜಾರುತ್ತದೆ, ಅದನ್ನು ಸರಿ ಮಾಡುವುದರಲ್ಲೇ ನಾಲ್ಕು ರಕಅತ್ (ನಮಾಝಿನ ಸುತ್ತು) ಮುಗಿಯುತ್ತದೆ. ಸಿಂಕು ಎತ್ತರವಿದ್ದರೆ ಗಟ್ಟಿಯಾದ ಒಂದು ಸ್ಟೂಲು, ಇಲ್ಲವೇ ಬಚ್ಚಲಲ್ಲಿ ಕೂತು ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ) ಮಾಡಲು ಮಣೆ ಮತ್ತು ತಂಬಿಗೆ.

ಊರಿನ ಮಸೀದಿಯ ವೇಳಾಪಟ್ಟಿ ಗೋಡೆಯಲ್ಲಿರಲಿ. ಮೊಬೈಲ್ ಆ್ಯಪ್ ಬೇಡವೆಂದಲ್ಲ. ಆದರೆ ಸಮಯ ನೋಡಲು ಮೊಬೈಲ್ ಕೈಗೆತ್ತಿಕೊಂಡ ಮಗು ಸಮಯ ಮಾತ್ರ ನೋಡಿ ಕೆಳಗಿಡುವುದಿಲ್ಲ. ನಾವೂ ಇಡುವುದಿಲ್ಲ.

ಇನ್ನೊಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಿ: ಎರಡು ಕರ್ಮಶಾಸ್ತ್ರ ಪಂಥಗಳಲ್ಲಿ ಮಗು ಕಲಿಯುವುದು ಶಾಫಿಈ ಕ್ರಮವೋ ಹನಫಿ ಕ್ರಮವೋ? ಮಂಗಳೂರು, ಉಡುಪಿ, ಭಟ್ಕಳದ ಕಡೆ ಹೆಚ್ಚಿನವರು ಶಾಫಿಈ. ಘಟ್ಟ ಹತ್ತಿದರೆ ಹೆಚ್ಚಾಗಿ ಹನಫಿ. ಉಮ್ಮ ಉಳ್ಳಾಲದವರು, ಅಬ್ಬಾ ಶಿವಮೊಗ್ಗದವರಾದ ಮನೆಯಲ್ಲಿ ಕೈ ಎಲ್ಲಿ ಕಟ್ಟಬೇಕು, ಸುಬಹಿಯಲ್ಲಿ (ಬೆಳಗಿನ ನಮಾಝಿನಲ್ಲಿ) ಕುನೂತ್ (ನಿಂತು ಹೇಳುವ ಪ್ರಾರ್ಥನೆ) ಉಂಟೋ ಇಲ್ಲವೋ ಎಂದು ಮಗುವಿನ ಮುಂದೆಯೇ ಚರ್ಚೆಯಾಗುತ್ತದೆ. ಮಗು ಮದ್ರಸದಲ್ಲಿ ಕಲಿಯುವ ಕ್ರಮವನ್ನೇ ಹಿಡಿಯಿರಿ. ಎರಡೂ ಸರಿ ಎಂದು ಹೇಳುವ ಪ್ರಾಯ ಆಮೇಲೆ ಬರುತ್ತದೆ.

## ಹಂತ 1: ಒಂದು ತಿಂಗಳು ಮಗುವಿಗೆ ಏನೂ ಹೇಳಬೇಡಿ

ಕುರ್‌ಆನಿನ ತಾಹಾ ಅಧ್ಯಾಯದ 132ನೇ ವಚನ, ನಿನ್ನ ಮನೆಯವರಿಗೆ ನಮಾಝನ್ನು ಆದೇಶಿಸು, ನೀನೂ ಅದರಲ್ಲಿ ಸ್ಥಿರವಾಗಿರು ಎನ್ನುತ್ತದೆ. ಮೊದಲ ಅರ್ಧ ಎಲ್ಲರಿಗೂ ಬಾಯಿಪಾಠ. ಈ ತಿಂಗಳು ಎರಡನೆಯ ಅರ್ಧಕ್ಕೆ.

ಮಾಡಬೇಕಾದ್ದು ಇಷ್ಟು: ಬಾಂಗ್ ಕೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುವುದನ್ನು ಮಗು ನೋಡಬೇಕು. ಒಲೆಯ ಮೇಲೆ ಸಾರು ಇದ್ದರೆ ಉರಿ ಸಣ್ಣ ಮಾಡಿ ಏಳಿ. ಮೊಬೈಲ್ ಇದ್ದರೆ ಕವುಚಿ ಹಾಕಿ ಏಳಿ. ಬಾಯಿಬಿಟ್ಟು ಪಾಠ ಮಾಡಬೇಡಿ. "ನೋಡು, ನಾನು ಹೇಗೆ ಎದ್ದೆ" ಎಂದಿರೋ, ಅಲ್ಲಿಗೆ ಕೆಟ್ಟಿತು.

ಗಂಡಸರು ಇಲ್ಲಿ ಒಂದು ಕಡೆ ತಪ್ಪುತ್ತಾರೆ. ಫರ್ಝ್ ನಮಾಝಿಗೆ ಮಸೀದಿಗೆ ಹೋಗುತ್ತಾರೆ, ಸುನ್ನತ್ತನ್ನೂ (ಐಚ್ಛಿಕ ನಮಾಝನ್ನೂ) ಅಲ್ಲೇ ಮುಗಿಸಿ ಬರುತ್ತಾರೆ. ಹಾಗಾಗಿ ಮಗುವಿನ ಕಣ್ಣಿಗೆ ಉಪ್ಪ (ತಂದೆ) ಬಾಂಗ್ ಆದಾಗ ಹೊರಗೆ ಹೋಗುವವರು, ಅಷ್ಟೇ. ನಿಮ್ಮ ನಮಾಝಿನ ಒಂದು ಪಾಲನ್ನು ಮನೆಯಲ್ಲಿ ಮಾಡಿ, ಮನೆಗಳನ್ನು ಗೋರಿಗಳನ್ನಾಗಿ ಮಾಡಬೇಡಿ ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ಮಗ್ರಿಬ್ ನಂತರದ ಎರಡು ರಕಅತ್ ಸುನ್ನತ್ತನ್ನು ಮನೆಯ ನಡುಕೋಣೆಗೆ ತನ್ನಿ.

ನೀವು ನಮಾಝಿನಲ್ಲಿರುವಾಗ ಚಿಕ್ಕವರು ಬೆನ್ನ ಮೇಲೆ ಹತ್ತುತ್ತಾರೆ, ಎದುರಿಗೆ ಬಂದು ಕೂರುತ್ತಾರೆ. ಸಲಾಂ ಹೇಳಿದ ಕೂಡಲೇ ಗದರಬೇಡಿ. ಪ್ರವಾದಿಯವರು (ಸ) ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದಾರೆ. ಸುಜೂದಿಗೆ ಹೋಗುವಾಗ ಕೆಳಗಿಟ್ಟು, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಈ ಹಂತ ಮುಗಿದ ಗುರುತು: ಮಗು ತಾನಾಗಿ ಪಕ್ಕದಲ್ಲಿ ಬಂದು ನಿಲ್ಲುತ್ತದೆ, ಅಥವಾ "ಉಮ್ಮ, ಬಾಂಗ್ ಆಯ್ತು" ಎನ್ನುತ್ತದೆ. ತಿಂಗಳಾದರೂ ಇದು ಕಾಣದಿದ್ದರೆ ನಿಮ್ಮದೇ ಹೊತ್ತುಗಳಲ್ಲಿ ಎಲ್ಲೋ ಹುಳುಕಿದೆ. ಇನ್ನೊಂದು ತಿಂಗಳು ಕೊಡಿ.

## ಹಂತ 2: ನಮಾಝಿಗಿಂತ ಮೊದಲು ನೀರು

ಶಾಲೆಗೆ ಹೋಗುವ ಗಂಡು ಮಕ್ಕಳ ನಮಾಝ್ ತಪ್ಪುವುದಕ್ಕೆ ದೊಡ್ಡ ಕಾರಣ ಸೋಮಾರಿತನವಲ್ಲ, ಯೂನಿಫಾರ್ಮಿನ ಪ್ಯಾಂಟು. ಮೂತ್ರದ ಹನಿ ತಾಗಿದೆ, ಬಟ್ಟೆ ನಜೀಸ್ (ಅಶುದ್ಧ) ಆಗಿದೆ, ಈ ಬಟ್ಟೆಯಲ್ಲಿ ನಮಾಝ್ ಆಗುವುದಿಲ್ಲ ಎಂದು ಅವನಿಗೆ ಗೊತ್ತು. ಹೇಳಲು ನಾಚಿಕೆ. ಹಾಗಾಗಿ "ಆಮೇಲೆ ಮಾಡ್ತೇನೆ" ಅನ್ನುತ್ತಾನೆ. ನಮಗೆ ಇದು ಅಸಡ್ಡೆಯಂತೆ ಕಾಣುತ್ತದೆ.

ಕೂತು ಮೂತ್ರ ಮಾಡುವುದು, ಮುಗಿದ ಮೇಲೆ ಅವಸರ ಮಾಡದೆ ಸ್ವಲ್ಪ ಕಾಯುವುದು, ನೀರಿನಿಂದ ತೊಳೆಯುವುದು, ಇದನ್ನು ಏಳಕ್ಕೆ ಮುಂಚೆಯೇ ಉಪ್ಪ ಅಥವಾ ಮನೆಯ ಹಿರಿಯ ಗಂಡಸು ಕಲಿಸಲಿ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಬ್ಯಾಗಿನಲ್ಲಿ ಪ್ರತ್ಯೇಕ ಸಣ್ಣ ಬಾಟಲಿ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸುವುದು ನಿಯಮವಾದರೆ ಅಸರಿಗೆ (ಇಳಿಹೊತ್ತಿನ ನಮಾಝಿಗೆ) ನೆಪವೇ ಇರುವುದಿಲ್ಲ.

ವುಝೂ ಕಲಿಸುವಾಗ ಅಂಗೈ, ಬಾಯಿ, ಮೂಗು ಎಲ್ಲವನ್ನೂ ಕಲಿಸಿ, ಆದರೆ ತಿದ್ದುವಾಗ ನಾಲ್ಕನ್ನು ಮಾತ್ರ ತಿದ್ದಿ: ಮುಖ, ಮೊಣಕೈವರೆಗೆ ಕೈ, ತಲೆ ಸವರುವುದು, ಪಾದದ ಗಂಟಿನವರೆಗೆ ಕಾಲು. ಮಕ್ಕಳು ಬಿಡುವ ಜಾಗ ಎರಡೇ, ಮೊಣಕೈಯ ಹಿಂಭಾಗ ಮತ್ತು ಹಿಮ್ಮಡಿ. ನೀರು ಮುಟ್ಟಿದೆಯೇ ಎಂದು ಅವರೇ ಕೈಯಾಡಿಸಿ ನೋಡಲಿ.

ಈ ಹಂತಕ್ಕೆ ಎರಡು ವಾರ ಸಾಕು. ನಮಾಝ್ ಇಲ್ಲದಿದ್ದರೂ ಸಂಜೆಗೊಮ್ಮೆ ವುಝೂ ಮಾಡಿಸಿ. ಮಳೆಗಾಲದ ಸುಬಹಿಗೆ ಬಿಸಿನೀರು ಕೊಟ್ಟರೆ ಮಗು ಹಾಳಾಗುವುದಿಲ್ಲ, ನನ್ನ ಅತ್ತೆ ಏನೇ ಹೇಳಲಿ.

## ಹಂತ 3: ಒಂದೇ ಹೊತ್ತು, ಅದೂ ಮಗ್ರಿಬ್

ಹೆಚ್ಚಿನವರು ಸುಬಹಿಯಿಂದ ಶುರು ಮಾಡುತ್ತಾರೆ. ದಿನದ ಮೊದಲ ನಮಾಝ್ ಅಲ್ಲವೇ ಎಂದು. ಮಗುವಿಗೆ ಅತ್ಯಂತ ಕಷ್ಟದ್ದು ಅದೇ. ಇನ್ನು ಕೆಲವರು ರಮಝಾನ್ ಮೊದಲ ದಿನದಿಂದ ಐದೂ ಹೊತ್ತು, ಮೇಲೆ ತರಾವೀಹ್ (ರಮಝಾನ್ ರಾತ್ರಿಯ ನಮಾಝ್) ಕೂಡ ಹಿಡಿಸುತ್ತಾರೆ. ಆ ತಿಂಗಳಲ್ಲಿ ಇಡೀ ಊರೇ ಮಗುವನ್ನು ಎತ್ತಿ ನಡೆಸುತ್ತದೆ. ಪೆರ್ನಾಳ್ (ಈದ್ ಹಬ್ಬ) ಮುಗಿದ ಮೇಲೆ ಊರು ಕೈಬಿಡುತ್ತದೆ, ಮಗು ಅಲ್ಲೇ ಕೂರುತ್ತದೆ.

ಸಾಧಾರಣ ತಿಂಗಳಲ್ಲಿ, ಮಗ್ರಿಬಿನಿಂದ ಶುರು ಮಾಡಿ. ಮೂರೇ ರಕಅತ್. ಮಗು ಮನೆಯಲ್ಲಿರುತ್ತದೆ, ಆಟ ಮುಗಿದಿರುತ್ತದೆ. ಹೊತ್ತು ಕಂತುವುದು ಕಣ್ಣಿಗೇ ಕಾಣುವುದರಿಂದ ಗಡಿಯಾರವೂ ಬೇಡ. ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ವರ್ಷದುದ್ದಕ್ಕೂ ಸಂಜೆ ಆರು ಮತ್ತು ಏಳರ ನಡುವೆ.

ಏಳಕ್ಕೆ ಐದು ಹೊತ್ತನ್ನೂ ಹೇಳಬೇಕಲ್ಲವೇ ಎಂದು ಕೇಳುವವರಿದ್ದಾರೆ. ಹೇಳಿ, ಐದಕ್ಕೂ ಕರೆಯಿರಿ. ಬಂದರೆ ಸಂತೋಷ. ಆದರೆ ಹಟ ಹಿಡಿಯುವುದು ಒಂದಕ್ಕೆ ಮಾತ್ರ. ಪ್ರಾಯಪೂರ್ತಿಯಾಗುವವರೆಗೆ ಮಗುವಿನ ಲೆಕ್ಕದ ಲೇಖನಿ ಎತ್ತಿರುತ್ತದೆ ಎಂದು ಹದೀಸೇ ಹೇಳಿರುವಾಗ, ಕಲಿಸುವ ಈ ಮೂರು ವರ್ಷ ನಮಗೆ ಸಿಕ್ಕಿದ ಅವಕಾಶ. ಅಲ್ಲಾಹನಿಗೆ ಹೆಚ್ಚು ಇಷ್ಟವಾದದ್ದು ಸಣ್ಣದಾದರೂ ಬಿಡದೆ ನಡೆಯುವ ಕರ್ಮ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಿ.

ಜಮಾಅತ್ ಆಗಿ, ಅಂದರೆ ಒಟ್ಟಾಗಿ, ನಿಲ್ಲಿ. ಮಗುವನ್ನು ಒಂಟಿಯಾಗಿ ಕೋಣೆಗೆ ಕಳಿಸಬೇಡಿ. ಮಗ್ರಿಬ್ ಆದ ಮೇಲೆ ಐದು ನಿಮಿಷ ಮುಸಲ್ಲಾದ ಮೇಲೇ ಕೂತು ಮಾತಾಡಿ, ಬೇಕಿದ್ದರೆ ಚಹಾ ಬಿಸ್ಕತ್ತು ಅಲ್ಲಿಗೇ ಬರಲಿ. ನಮ್ಮ ಮನೆಯಲ್ಲಿ ಶಾಲೆಯ ಜಗಳಗಳೆಲ್ಲ ಹೊರಬೀಳುವುದು ಈ ಐದು ನಿಮಿಷದಲ್ಲಿ.

ಮಸೀದಿಗೆ ಕರೆದೊಯ್ದರೆ ಹಿಂದಿನ ಸಾಲಿನಲ್ಲಿ ಹುಡುಗರ ಗುಂಪಿಗೆ ಬಿಡಬೇಡಿ. ಅಲ್ಲಿ ನಗು ಶುರುವಾಗುತ್ತದೆ, ಯಾರೋ ಹಿರಿಯರು ಕಿವಿ ಹಿಂಡುತ್ತಾರೆ, ಮಗು ಮಸೀದಿ ಎಂದರೆ ಕಿವಿ ಹಿಂಡುವ ಜಾಗ ಎಂದುಕೊಳ್ಳುತ್ತದೆ. ನಿಮ್ಮ ಪಕ್ಕದಲ್ಲೇ, ಸಾಲಿನ ತುದಿಯಲ್ಲಿ ನಿಲ್ಲಿಸಿಕೊಳ್ಳಿ. ಯಾರಾದರೂ ಗದರಿದರೆ ಅವರ ಮುಂದೆ ನೀವೂ ಸೇರಿ ಗದರಬೇಡಿ.

## ಹಂತ 4: ಬಾಯಿಪಾಠ ಎಷ್ಟು ಸಾಕು

ತಕ್ಬೀರ್, ಏಳು ವಚನಗಳ ಫಾತಿಹಾ, ಒಂದು ಸಣ್ಣ ಸೂರಃ, ಅತ್ತಹಿಯ್ಯಾತ್ (ಕೂತು ಹೇಳುವ ಪ್ರಾರ್ಥನೆ) ಮತ್ತು ಸ್ವಲಾತ್, ಸಲಾಂ. ರುಕೂಅ್ ಸುಜೂದಿನ ತಸ್ಬೀಹ್ ಕೇಳಿ ಕೇಳಿಯೇ ಬರುತ್ತದೆ. ಶುರು ಮಾಡಲು ಇಷ್ಟು ಸಾಕು. ಕುನೂತ್, ಆರಂಭದ ದುಆ, ನಮಾಝಿನ ನಂತರದ ಉದ್ದದ ದುಆ ಎಲ್ಲ ಬರಲಿ ಆಮೇಲೆ ನಿಲ್ಲಿಸೋಣ ಎಂದು ಕಾದವರ ಮಕ್ಕಳು ಒಂಬತ್ತಾದರೂ ನಿಂತಿಲ್ಲ.

ಅತ್ತಹಿಯ್ಯಾತ್ ಇನ್ನೂ ಬಾರದ ಮಗುವಿಗೆ ನೀವು ಸ್ವಲ್ಪ ದೊಡ್ಡ ದನಿಯಲ್ಲಿ ಹೇಳಿ, ಮಗು ಹಿಂದೆ ಹೇಳಲಿ. ಅಕ್ಷರ ತಿದ್ದುವುದು ಉಸ್ತಾದರ ಕೆಲಸ, ಮನೆಯ ನಮಾಝನ್ನು ತಜ್‌ವೀದ್ ತರಗತಿ ಮಾಡಬೇಡಿ.

ಅರ್ಥ ಮಾತ್ರ ಮನೆಯಲ್ಲೇ ಹೇಳಬೇಕು. ಬ್ಯಾರಿಯೋ ಉರ್ದುವೋ ನವಾಯತಿಯೋ ಕನ್ನಡವೋ, ಮಗು ಜಗಳವಾಡುವ ಭಾಷೆಯಲ್ಲಿ. ವಾರಕ್ಕೊಂದು ವಾಕ್ಯ. "ಇಹ್ದಿನಸ್ಸಿರಾತಲ್ ಮುಸ್ತಕೀಮ್, ನಮ್ಮನ್ನು ನೇರ ದಾರಿಯಲ್ಲಿ ನಡೆಸು." ದಾರಿ ತಪ್ಪಿದರೆ ಏನು ಮಾಡ್ತಿ, ಯಾರನ್ನು ಕೇಳ್ತಿ, ಅಷ್ಟೇ ಮಾತು. ಏಳು ವಾರದಲ್ಲಿ ಫಾತಿಹಾ ಮುಗಿಯುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಅವಸರದ ನಮಾಝ್ ಸ್ವಲ್ಪ ನಿಧಾನವಾಗುವುದು ಕಾಣಬಹುದು.

## ಹಂತ 5: ಉಳಿದ ನಾಲ್ಕು, ಈ ಕ್ರಮದಲ್ಲಿ

ಮಗ್ರಿಬ್ ಕರೆಯದೆಯೇ ನಡೆಯತೊಡಗಿದ ಮೇಲೆ ಇಶಾ (ರಾತ್ರಿಯ ನಮಾಝ್). ಊಟಕ್ಕೆ ಮೊದಲು ಮಾಡಿಸಿ. ಉಂಡ ಮೇಲೆ ನಿದ್ದೆ ಗೆಲ್ಲುತ್ತದೆ.

ಆಮೇಲೆ ಅಸರ್. ಶಾಲೆಯಿಂದ ಬಂದು, ಬಟ್ಟೆ ಬದಲಿಸಿ, ತಿಂಡಿ ತಿಂದು, ಆಟಕ್ಕೆ ಹೋಗುವ ಮುಂಚೆ. ತಿಂಡಿಗೂ ಮೊದಲೇ ಎಂದು ಹಟ ಮಾಡಿದರೆ ಹಸಿದ ಮಗು ನಮಾಝಿನಲ್ಲಿ ಬೋಂಡಾದ ವಾಸನೆ ಹಿಡಿಯುತ್ತಾ ನಿಲ್ಲುತ್ತದೆ. ದೊಡ್ಡವರೂ ಊಟ ಬಡಿಸಿಟ್ಟು ನಮಾಝಿಗೆ ನಿಲ್ಲುವುದನ್ನು ಶರೀಅತ್ತೇ ಇಷ್ಟಪಟ್ಟಿಲ್ಲ.

ಝುಹರ್ (ಮಧ್ಯಾಹ್ನದ ನಮಾಝ್) ತೊಡಕಿನದ್ದು. ಮಂಗಳೂರಿನಲ್ಲಿ ಝುಹರಿನ ಹೊತ್ತು ಶುರುವಾಗುವುದು 12.15ರಿಂದ 12.45ರೊಳಗೆ. ಶಾಫಿಈ ಲೆಕ್ಕದಲ್ಲಿ ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ, ಅಂದರೆ ಮೂರೂವರೆ, ನಾಲ್ಕರ ಆಸುಪಾಸಿನಲ್ಲಿ, ಅಸರ್ ಬಂದುಬಿಡುತ್ತದೆ. ಶಾಲೆಯ ಬಸ್ಸು ಮನೆ ಮುಟ್ಟುವಾಗ ಝುಹರ್ ಕಳೆದಿರುತ್ತದೆ. ಹನಫಿಗಳಿಗೆ ನೆರಳು ಎರಡರಷ್ಟಾಗಬೇಕು, ಹಾಗಾಗಿ ದಾವಣಗೆರೆಯ ಮಗು ಶಾಲೆ ಬಿಟ್ಟು ಬೇಗ ಬಂದರೆ ಝುಹರ್ ಸಿಗಬಹುದು. ಮೊದಲು ರಜಾದಿನಗಳಲ್ಲಿ ಮಾತ್ರ ಹಿಡಿಸಿ. ಶಾಲೆಯ ದಿನ ಮನೆಗೆ ಬಂದು ಅಸರ್ ಜೊತೆ ಖಝಾ (ತಪ್ಪಿದ್ದನ್ನು ಆಮೇಲೆ ತೀರಿಸುವುದು) ಮಾಡುವ ಅಭ್ಯಾಸ ಇರಲಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಶಾಲೆಯಲ್ಲೇ ಮಾಡುವುದಾದರೆ ನೀವು ಹೋಗಿ ತರಗತಿಯ ಟೀಚರ್ ಹತ್ತಿರ ಮಾತಾಡಿ. ಎಂಟು ವರ್ಷದ ಮಗುವನ್ನು ಅನುಮತಿ ಕೇಳಲು ಮುಂದೆ ದೂಡಬೇಡಿ.

ಸುಬಹಿ ಕೊನೆಗೆ. ಇದನ್ನು ಗೆಲ್ಲುವುದು ಬೆಳಿಗ್ಗೆ ಅಲ್ಲ, ಹಿಂದಿನ ರಾತ್ರಿ. ಹನ್ನೊಂದಕ್ಕೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿದರೆ ಅದು ಎದ್ದಂತೆ ಕಾಣುತ್ತದೆ, ಎದ್ದಿರುವುದಿಲ್ಲ. ಒಂಬತ್ತೂವರೆಗೆ ದೀಪ ಆರಲಿ, ನಿಮ್ಮದೂ. ಬಾಂಗ್ ಆದ ಕೂಡಲೇ ಎಬ್ಬಿಸಬೇಕೆಂದಿಲ್ಲ; ಸುಬಹಿ ಶುರುವಾಗಿ ಸೂರ್ಯ ಹುಟ್ಟುವವರೆಗೆ ನಮ್ಮಲ್ಲಿ ಒಂದೂಕಾಲು ಗಂಟೆಯ ಹತ್ತಿರ ಇರುತ್ತದೆ. ಮೊದಲ ಕೆಲವು ತಿಂಗಳು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಎಬ್ಬಿಸಿ. ಬೆಳಗಿನ ಮದ್ರಸಕ್ಕೆ ಹೋಗುವ ಮಕ್ಕಳಿಗೆ ಅದು ಹೇಗೂ ಏಳುವ ಹೊತ್ತು. ಭಾನುವಾರ ಬಿಡಬೇಡಿ, ಒಂದು ಭಾನುವಾರದ ವಿನಾಯಿತಿ ಬುಧವಾರದವರೆಗೆ ಎಳೆಯುತ್ತದೆ.

ಒಂದೊಂದು ಹೊತ್ತಿಗೆ ನಾಲ್ಕರಿಂದ ಆರು ತಿಂಗಳು ಇಟ್ಟುಕೊಂಡರೂ ಒಂಬತ್ತೂವರೆಯ ಹೊತ್ತಿಗೆ ಐದೂ ಸೇರಿರುತ್ತದೆ.

## ಹಂತ 6: "ಮಾಡಿದ್ಯಾ?" ಅನ್ನುವ ಪ್ರಶ್ನೆಯನ್ನು ಮನೆಯಿಂದ ಹೊರಹಾಕಿ

ಇದನ್ನು ಆರನೆಯದಾಗಿ ಬರೆದಿದ್ದರೂ ಪಾಲಿಸಬೇಕಾದ್ದು ಮೊದಲ ದಿನದಿಂದ.

"ನಮಾಝ್ ಮಾಡಿದ್ಯಾ?" ಎಂಬ ಪ್ರಶ್ನೆಗೆ ಮಾಡದ ಮಗುವಿನ ಮುಂದೆ ಎರಡು ದಾರಿ. ನಿಜ ಹೇಳಿ ಬೈಗುಳ ತಿನ್ನುವುದು, ಸುಳ್ಳು ಹೇಳಿ ಟಿವಿ ನೋಡುವುದು. ದಿನಕ್ಕೆ ಐದು ಸಲ ನಾವೇ ಈ ಪರೀಕ್ಷೆ ಒಡ್ಡುತ್ತೇವೆ. ನಮಾಝ್ ಕಲಿಸಲು ಹೊರಟು ಸುಳ್ಳು ಕಲಿಸಿ ಬಂದ ಹಾಗೆ. ನನ್ನ ಹಿರಿಯ ಮಗ ಸುಳ್ಳನ್ನು ಮೊದಲು ಕಲಿತದ್ದು ಬೇರೆಲ್ಲೂ ಅಲ್ಲ, ನನ್ನ ಈ ಪ್ರಶ್ನೆಯಿಂದಲೇ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಸುಳ್ಳಿನ ಬಗ್ಗೆ ಪ್ರವಾದಿಯವರು (ಸ) ಎಷ್ಟು ಸೂಕ್ಷ್ಮವಾಗಿದ್ದರು ಎಂಬುದಕ್ಕೆ ಅಬ್ದುಲ್ಲಾ ಬಿನ್ ಆಮಿರ್ ಹೇಳಿದ ಘಟನೆ ನೋಡಿ. ಅವರು ಚಿಕ್ಕವರಿದ್ದಾಗ ತಾಯಿ, "ಇಲ್ಲಿ ಬಾ, ಏನೋ ಕೊಡ್ತೇನೆ" ಎಂದು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿ ಕೇಳಿದರು. ಖರ್ಜೂರ ಎಂದರು ತಾಯಿ. ಏನೂ ಕೊಡದಿದ್ದರೆ ಅದು ನಿಮ್ಮ ಮೇಲೆ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದರು. ಮಗುವನ್ನು ಕರೆಯಲು ಆಡುವ ಮಾತಿಗೂ ಲೆಕ್ಕ ಇದೆ. "ಉಪ್ಪನನ್ನು ಕೇಳಿದ್ರೆ ಮನೇಲಿಲ್ಲ ಅಂತ ಹೇಳು" ಎಂದು ಫೋನ್ ಕೊಡುವ ಮನೆಯಲ್ಲಿ ಪ್ರಾಮಾಣಿಕ ನಮಾಝ್ ಹುಟ್ಟುವುದು ಕಷ್ಟ.

ಪ್ರಶ್ನೆಯ ಬದಲು ಕರೆ: "ಬಾ, ಅಸರ್ ಮಾಡುವ." ನೀವು ಆಗಲೇ ಮುಗಿಸಿದ್ದರೆ, "ನಾನು ಮಾಡಿದೆ, ನೀನು ಮಾಡುವಾಗ ಇಲ್ಲೇ ಕೂರ್ತೇನೆ." ನೀವು ಮನೆಯಲ್ಲಿರದಿದ್ದರೆ ಬಂದ ಮೇಲೆ, "ಝುಹರ್ ಬಾಕಿ ಇದ್ದರೆ ನನ್ನೊಟ್ಟಿಗೆ ಈಗ ಮಾಡಬಹುದು." ಬಾಕಿ ಇದೆ ಎಂದು ಮಗು ಹೇಳಿದರೆ ಆ ಹೊತ್ತಿಗೆ ಬೈಗುಳ ನಿಷಿದ್ಧ. ನಿಜ ಹೇಳಿದ್ದಕ್ಕೆ ಸಿಕ್ಕಿದ್ದೇನು ಎಂಬುದನ್ನು ಮಗು ಮರೆಯುವುದಿಲ್ಲ.

ಜ್ಞಾನಿ ಲುಕ್ಮಾನರು ಮಗನಿಗೆ ಹೇಳಿದ ಮಾತುಗಳ ಕ್ರಮ ಗಮನಿಸಿ. ಕುರ್‌ಆನಿನ 31ನೇ ಅಧ್ಯಾಯ. ನಮಾಝಿನ ಆದೇಶ ಇರುವುದು 17ನೇ ವಚನದಲ್ಲಿ. ಅದಕ್ಕಿಂತ ಒಂದು ವಚನ ಮೊದಲು, ಸಾಸಿವೆ ಕಾಳಿನಷ್ಟು ಸಣ್ಣದು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನು ಎಂಬ ಮಾತು. ಅವನು ಬಲ್ಲ ಎಂಬುದು ಮೊದಲು, ನಮಾಝ್ ಆಮೇಲೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಒಂದು ಸಾಸಿವೆ ಕಾಳನ್ನು ಮಗುವಿನ ಅಂಗೈಗೆ ಹಾಕಿ ಈ ಮಾತು ಹೇಳಿ. ನೋಡುವವಳು ಉಮ್ಮ ಎಂದುಕೊಂಡ ಮಗು ಉಮ್ಮ ಪೇಟೆಗೆ ಹೋದಾಗ ನಮಾಝ್ ಬಿಡುತ್ತದೆ.

ಗಲ್ಫಿನಲ್ಲಿರುವ ಉಪ್ಪಂದಿರಿಗೆ ವಿಶೇಷವಾಗಿ: ವೀಡಿಯೊ ಕಾಲ್‌ನ ಮೊದಲ ಪ್ರಶ್ನೆಯೇ "ನಮಾಝ್ ಎಲ್ಲ ಮಾಡ್ತಿಯಲ್ಲ?" ಆಗಿದ್ದರೆ ಮಗು ಪರದೆಯಿಂದ ಜಾರಿಕೊಳ್ಳುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಇಲ್ಲಿ ಇಶಾ ಮುಗಿದ ಎಂಟರ ಹೊತ್ತು ರಿಯಾದಿನಲ್ಲಿ ಸಂಜೆ ಐದೂವರೆ. ಆ ಹೊತ್ತಿಗೆ ಕರೆ ಮಾಡಿ, ಇವತ್ತು ಸೈಟಿನಲ್ಲಿ ಅಸರ್ ಎಲ್ಲಿ ಮಾಡಿದಿರಿ, ಮುಸಲ್ಲಾ ಇಲ್ಲದೆ ರಟ್ಟು ಹಾಸಿದಿರೋ ಎಂಬುದನ್ನು ನೀವೇ ಹೇಳಿ.

ಬಹುಮಾನದ ಬಗ್ಗೆ ಎರಡು ಮಾತು. ಹೊತ್ತಿಗೆ ಐದು ರೂಪಾಯಿ ಎಂದು ನಾನೂ ಒಮ್ಮೆ ಮಾಡಿ ನೋಡಿದ್ದೆ. ಎರಡನೇ ವಾರಕ್ಕೆ ಮಗಳು ಸುಬಹಿಗೆ ಹತ್ತು ಕೊಡಬೇಕು, ಅದು ಕಷ್ಟದ್ದು ಎಂದು ಚೌಕಾಸಿಗೆ ಬಂದಳು. ಕೈಬಿಟ್ಟೆ. ಗುರುತು ಹಾಕುವ ಪುಸ್ತಕ ಬೇಕಿದ್ದರೆ ಮೂರು ತಿಂಗಳ ಮಟ್ಟಿಗೆ ಇರಲಿ, ಮಗುವಿನ ಹತ್ತಿರವೇ ಇರಲಿ. ಮಾಡಿದ್ದಕ್ಕೆ ಮಾತ್ರ ಗುರುತು, ಬಿಟ್ಟದ್ದಕ್ಕೆ ಕೆಂಪು ಗೀಟು ಬೇಡ. ಬಂದ ನೆಂಟರಿಗೆ ತೋರಿಸುವ ಚಾರ್ಟಂತೂ ಬೇಡವೇ ಬೇಡ.

## ಹಂತ 7: ಹತ್ತು ತುಂಬಿದಾಗ

"ಹತ್ತಾದರೆ ಹೊಡೆಯಿರಿ ಎಂದು ಹದೀಸಿನಲ್ಲೇ ಇದೆಯಲ್ಲ?" ಇದೆ, ಅಬೂದಾವೂದ್ ಎಂಬ ಹದೀಸ್ ಸಂಗ್ರಹದಲ್ಲಿ. ಆದರೆ ಆ ಮಾತನ್ನು ವಿವರಿಸಿದ ವಿದ್ವಾಂಸರು ಹಾಕಿದ ಷರತ್ತುಗಳನ್ನೂ ಓದಬೇಕು. ಗಾಯವಾಗಬಾರದು, ಮುಖಕ್ಕೆ ಆಗಬಾರದು, ಕೋಪ ತೀರಿಸಿಕೊಳ್ಳಲು ಆಗಬಾರದು, ಪ್ರಯೋಜನವಿಲ್ಲ ಎಂದು ಗೊತ್ತಿದ್ದರೆ ಕೂಡದು. ಆ ಮಾತು ಹೇಳಿದವರೇ ಎಂದೂ ಹೆಣ್ಣಿನ ಮೇಲಾಗಲಿ ಸೇವಕನ ಮೇಲಾಗಲಿ ಕೈ ಎತ್ತಿದವರಲ್ಲ ಎಂದು ಅವರ ಪತ್ನಿ ಆಯಿಶಾ (ರ) ಹೇಳಿದ್ದಾರೆ. ಹತ್ತು ವರ್ಷ ಸೇವೆ ಮಾಡಿದ ಅನಸ್ (ರ) ಅವರಿಗೆ ಒಮ್ಮೆಯೂ "ಛೆ" ಎಂದವರಲ್ಲ.

ನನ್ನ ಅನುಭವದಲ್ಲಿ ಮನೆಯಲ್ಲಿ ಕೈ ಎತ್ತುವುದು ಕೋಪಕ್ಕೇ. ಆ ಷರತ್ತುಗಳು ಕೂಡಿಬಂದ ಒಂದು ಪೆಟ್ಟನ್ನೂ ನಾನು ಕಂಡಿಲ್ಲ. ಹಾಗಾಗಿ ನಾನು ಹೇಳುವುದು ಕೈ ಕೆಳಗಿರಲಿ ಎಂದು. ಅದೇ ಹದೀಸಿನ ಮೂರನೆಯ ಭಾಗ, ಮಕ್ಕಳ ಹಾಸಿಗೆ ಬೇರೆ ಮಾಡಿ ಎಂಬುದು, ಎಷ್ಟು ಮನೆಗಳಲ್ಲಿ ಜಾರಿಯಾಗಿದೆ? ನಡುವಿನ ಭಾಗ ಮಾತ್ರ ಎಲ್ಲರಿಗೂ ನೆನಪು.

ಹಾಗಾದರೆ ಹತ್ತಕ್ಕೆ ಬಿಗಿ ಎಂದರೆ ಏನು? ಅಸರ್ ಆಗದೆ ಕ್ರಿಕೆಟ್ ಬ್ಯಾಟು ಹೊರಗೆ ಬರುವುದಿಲ್ಲ. ಇಶಾ ಆಗದೆ ಮೊಬೈಲ್ ಕೈಗೆ ಬರುವುದಿಲ್ಲ. ತಪ್ಪಿದ ನಮಾಝನ್ನು ಅದೇ ದಿನ ಖಝಾ ಮಾಡಲೇಬೇಕು, ನಾಳೆಗೆ ಇಲ್ಲ. ಈ ಮೂರನ್ನು ಒಮ್ಮೆ ಕೂತು ಹೇಳಿ, ಮತ್ತೆ ಮಾತು ಕಡಿಮೆ ಮಾಡಿ ಪಾಲಿಸಿ. ಅಣ್ಣನಿಗೊಂದು ತಂಗಿಗೊಂದು ಆಗದಿರಲಿ. ಉಮ್ಮ ಬೇಡ ಎಂದದ್ದನ್ನು ಉಪ್ಪ ಕೊಟ್ಟರೆ, ಅಥವಾ ಅಜ್ಜಿ ಸೆರಗಿನಡಿ ಕೊಟ್ಟರೆ, ನಿಯಮ ಆ ದಿನವೇ ಸತ್ತಂತೆ.

ಮದ್ರಸದಲ್ಲಿ ಹೊಡೆತ ನಡೆಯುತ್ತಿದ್ದರೆ ಸುಮ್ಮನಿರಬೇಡಿ. ಮೊದಲು ಉಸ್ತಾದರ ಹತ್ತಿರ, ಆಮೇಲೆ ಕಮಿಟಿಯ ಹತ್ತಿರ ಮಾತಾಡಿ. ಗಾಯವಾಗುವ ಮಟ್ಟಕ್ಕೆ ಹೋದರೆ ಮಕ್ಕಳ ಸಹಾಯವಾಣಿ 1098 ಇದೆ.

## ಹಂತ 8: ಹರೆಯಕ್ಕೆ ಮುಂಚೆ ಹೇಳಿರಬೇಕಾದ ಮಾತು

ಹುಡುಗಿಗೆ ಒಂಬತ್ತು ತುಂಬುವಷ್ಟರಲ್ಲಿ ಉಮ್ಮ ಹೇಳಿರಬೇಕು: ಮುಟ್ಟಿನ ದಿನಗಳಲ್ಲಿ ನಮಾಝ್ ಇಲ್ಲ, ಅದನ್ನು ಆಮೇಲೆ ಖಝಾ ಮಾಡಬೇಕೆಂದೂ ಇಲ್ಲ, ರಮಝಾನಿನಲ್ಲಿ ಬಿಟ್ಟ ಉಪವಾಸವನ್ನು ಮಾತ್ರ ಆಮೇಲೆ ಹಿಡಿಯಬೇಕು, ನಿಂತ ಮೇಲೆ ಗುಸ್ಲ್ (ಶುದ್ಧಿ ಸ್ನಾನ) ಹೇಗೆ. ಮನೆಯ ಗಂಡಸರಿಗೂ ಪಾಠ ಇದೆ. ಮಗಳು ಒಂದು ದಿನ ಮುಸಲ್ಲಾದ ಮೇಲೆ ಕಾಣದಿದ್ದರೆ ಅಣ್ಣ ತಮ್ಮಂದಿರ ಮುಂದೆ "ಇವತ್ತು ಯಾಕಿಲ್ಲ?" ಎಂದು ಕೇಳಬಾರದು. "ಮಾಡಿದ್ಯಾ" ಎಂಬ ಪ್ರಶ್ನೆ ಹೋದ ಮನೆಯಲ್ಲಿ ಈ ತೊಂದರೆ ಬರುವುದೇ ಇಲ್ಲ.

ಹುಡುಗನಿಗೆ ಹೇಳಬೇಕಾದವರು ಉಪ್ಪ. ನಿದ್ದೆಯಲ್ಲಿ ಸ್ಖಲನವಾದರೆ ಗುಸ್ಲ್ ಕಡ್ಡಾಯ ಎಂಬುದು ಗೊತ್ತಿಲ್ಲದೆ, ಅಥವಾ ಗೊತ್ತಿದ್ದೂ ಬೆಳಿಗ್ಗೆ ಐದಕ್ಕೆ ತಲೆಗೆ ನೀರು ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬ ನಾಚಿಕೆಗೆ, ಹದಿಮೂರರ ಹುಡುಗರು ಸುಬಹಿ ಬಿಡುತ್ತಾರೆ. ಉಪ್ಪ ದೂರದಲ್ಲಿದ್ದರೆ ಮಾವನೋ ಕಾಕನೋ ಹೇಳಲಿ. ಬೆಳಗಿನ ಸ್ನಾನ ಮನೆಯಲ್ಲಿ ಎಲ್ಲರಿಗೂ ಸಾಮಾನ್ಯವಾಗಿದ್ದರೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಇಲ್ಲಿಂದ ಕರೆಯುವ ಕೆಲಸವನ್ನು ತಿರುಗಿಸಿ. ಅಲಾರಂ ಗಡಿಯಾರ ಮಗುವಿನ ಕೋಣೆಗೆ ಹೋಗಲಿ, ವಾರಕ್ಕೆರಡು ದಿನ ಸುಬಹಿಗೆ ನಿಮ್ಮನ್ನು ಎಬ್ಬಿಸುವ ಜವಾಬ್ದಾರಿ ಅವರದಾಗಲಿ.

## ಎಚ್ಚರಿಕೆಯ ಸೂಚನೆಗಳು

ನಾಲ್ಕು ರಕಅತ್ ಒಂದು ನಿಮಿಷದಲ್ಲಿ ಮುಗಿದರೆ ಗದರುವ ಅಗತ್ಯವಿಲ್ಲ, ಜೊತೆಗೆ ನಿಲ್ಲುವುದು ನಿಂತಿದೆ ಎಂದರ್ಥ. ಮೂರನೇ ಹಂತಕ್ಕೆ ಹಿಂತಿರುಗಿ.

ಉಪ್ಪ ರಜೆಗೆ ಬಂದಾಗ ಐದು ಹೊತ್ತು, ವಿಮಾನ ಹತ್ತಿದ ದಿನದಿಂದ ಸೊನ್ನೆ. ಇದು ಭಯದ ನಮಾಝ್. ಆರನೇ ಹಂತ ಆಗಿಲ್ಲ.

ಬಾಂಗ್ ಆಗುವ ಹೊತ್ತಿಗೆ ದಿನವೂ ಹೊಟ್ಟೆನೋವು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಮದ್ರಸದ ಹೆಸರಿಗೆ ಅಳು. ಇಂಥಲ್ಲಿ ನಮಾಝಿನ ವಿಷಯ ಬದಿಗಿಟ್ಟು, ಯಾರು ಹೆದರಿಸಿದ್ದಾರೆ, ಏನಾಗಿದೆ ಎಂದು ನಿಧಾನವಾಗಿ ಕೇಳಿ.

ಇನ್ನೊಂದನ್ನು ಜನ ಭಕ್ತಿಯೆಂದು ತಪ್ಪು ತಿಳಿಯುತ್ತಾರೆ. ವುಝೂವನ್ನು ಐದಾರು ಸಲ ಮತ್ತೆ ಮತ್ತೆ ಮಾಡುವುದು, ನಲ್ಲಿಯ ಮುಂದೆ ಅರ್ಧ ಗಂಟೆ, ತಕ್ಬೀರ್ ಸರಿಯಾಗಲಿಲ್ಲ ಎಂದು ಪದೇ ಪದೇ ಬಿಟ್ಟು ಕಟ್ಟುವುದು, ಕೈ ಒಡೆಯುವವರೆಗೆ ತೊಳೆಯುವುದು. ವಸ್‌ವಾಸ್ (ಶೈತಾನನ ದುಷ್ಪ್ರೇರಣೆ) ಎಂದು ಮಂತ್ರ ಊದಿಸಿ ಕೂರಬೇಡಿ. ಇದು ಗೀಳು ಕಾಯಿಲೆಯಾಗಿರಬಹುದು, ಮಕ್ಕಳಲ್ಲೂ ಬರುತ್ತದೆ, ಚಿಕಿತ್ಸೆ ಇದೆ. ಮನೋವೈದ್ಯರಿಗೆ ತೋರಿಸಿ, ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ರಲ್ಲೂ ಕೇಳಬಹುದು.

## ಮಗುವಿಗೆ ಆಗಲೇ ಹದಿಮೂರಾಗಿದ್ದರೆ

ಹಂತ ಒಂದನ್ನು ಬಿಡುವ ಹಾಗಿಲ್ಲ. ಆದರೆ ಪ್ರಾಯಪೂರ್ತಿಯಾಗಿದ್ದರೆ ನಮಾಝ್ ಆಗಲೇ ಕಡ್ಡಾಯ, ಹಾಗಾಗಿ ತಿಂಗಳುಗಟ್ಟಲೆ ಕಾಯುವಂತಿಲ್ಲ. ಒಂದು ಸಂಜೆ, ತಮ್ಮ ತಂಗಿಯರಿಲ್ಲದಾಗ, ಪೇಟೆಗೆ ಕರೆದುಕೊಂಡು ಹೋಗಿ ಜ್ಯೂಸ್ ಕುಡಿಯುತ್ತಾ ಹೇಳಿ: ಇಷ್ಟು ವರ್ಷ ನಿನ್ನನ್ನು ಕೂಗಿ ಕೂಗಿ ಸುಳ್ಳು ಹೇಳುವ ಹಾಗೆ ಮಾಡಿದೆ, ಅದು ನನ್ನ ತಪ್ಪು, ಇನ್ನು ಕೇಳುವುದಿಲ್ಲ. ನನ್ನ ಮಗ ಈ ಮಾತಿಗೆ ಏನೂ ಹೇಳಲಿಲ್ಲ, ಸ್ಟ್ರಾ ಕಚ್ಚುತ್ತಾ ಕೂತಿದ್ದ.

ಬಿಟ್ಟುಹೋದ ಹಳೆಯ ನಮಾಝ್‌ಗಳ ದೊಡ್ಡ ಲೆಕ್ಕವನ್ನು ಮೊದಲ ದಿನವೇ ಮುಂದಿಡಬೇಡಿ. ಖಝಾ ಹೇಗೆ ತೀರಿಸುವುದು ಎಂಬುದನ್ನು ಹೊತ್ತುಗಳು ನಿಂತ ಮೇಲೆ ಉಸ್ತಾದರ ಹತ್ತಿರ ಅವನೇ ಕೇಳಲಿ. ಆ ಸಂಜೆ ಮನೆಗೆ ಬಂದು ಮಗ್ರಿಬಿಗೆ ಎರಡು ಮುಸಲ್ಲಾ ಹಾಸಿ, ಕರೆಯಿರಿ. ಬರದಿದ್ದರೆ ನೀವು ಮಾಡಿ ಮುಗಿಸಿ. ಎರಡನೆಯ ಮುಸಲ್ಲಾವನ್ನು ಮಡಚಬೇಡಿ.